ರಕ್ತದಾನಕ್ಕೆ ಬೆಳಕು ತೋರಿದ ಕಾರ್ಲ್ ಲ್ಯಾಂಡ್‌ಸ್ಟೈನರ್



ಆಸ್ಪತ್ರೆಯಲ್ಲಿ ನಿಮ್ಮವರಿಗೆ ರಕ್ತ ಕೊಡುವ ಮುನ್ನ ದಾದಿಯರು ರೋಗಿಯ ಹೆಸರನ್ನು ಮತ್ತೆ ಮತ್ತೆ ಕೇಳುವುದನ್ನು ನೀವು ಕಂಡಿರಬಹುದು. ಈಗಷ್ಟೇ ಹೇಳಿದೆವಲ್ಲ ಎಂದು ಬೇಸರಪಟ್ಟಿರಲೂಬಹುದು. ಆ ಪ್ರಶ್ನೆಯ ಹಿಂದೆ ಒಬ್ಬ ಕಥೋಲಿಕ ವೈದ್ಯರ ಜೀವಮಾನದ ದುಡಿಮೆ ಇದೆ. ಅವರೇ ಕಾರ್ಲ್ ಲ್ಯಾಂಡ್‌ಸ್ಟೈನರ್.

ಅವರು 1868ರ ಜೂನ್ 14ರಂದು ಆಸ್ಟ್ರಿಯಾ ದೇಶದ ಯೆಹೂದ್ಯ ಮನೆತನವೊಂದರಲ್ಲಿ ಜನಿಸಿದರು. ಆರನೆಯ ವಯಸ್ಸಿನಲ್ಲಿ ಪತ್ರಕರ್ತರಾಗಿದ್ದ ತಂದೆಯನ್ನು ಕಳೆದುಕೊಂಡ ಅವರನ್ನು ತಾಯಿ ಸಾಕಿ ಸಲಹಿದರು. 1890ರಲ್ಲಿ ಅವರು ಜ್ಞಾನಸ್ನಾನ ಪಡೆದು ಕಥೋಲಿಕ ಧರ್ಮಸಭೆಗೆ ಸೇರಿದರು. ಮರುವರ್ಷ ವಿಯೆನ್ನಾದಲ್ಲಿ ವೈದ್ಯ ಪದವಿ ಪಡೆದರು.

ಆ ಕಾಲದಲ್ಲಿ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವುದೆಂದರೆ ಪ್ರಾಣದೊಡನೆ ಜೂಜು. ಕೆಲವರು ಬದುಕುತ್ತಿದ್ದರು, ಕೆಲವರು ಚಳಿಜ್ವರದಿಂದ ನಡುಗಿ ಸಾಯುತ್ತಿದ್ದರು. ಲ್ಯಾಂಡ್‌ಸ್ಟೈನರ್ ತಮ್ಮ ಹಾಗೂ ತಮ್ಮ ಸಹೋದ್ಯೋಗಿಗಳ ರಕ್ತವನ್ನೇ ತೆಗೆದು, ಒಬ್ಬರ ರಕ್ತಕಣಗಳನ್ನು ಇನ್ನೊಬ್ಬರ ರಕ್ತದ ತಿಳಿದ್ರವದೊಡನೆ ಬೆರೆಸಿ ನೋಡಿದರು. ಕೆಲವೆಡೆ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾದವು, ಕೆಲವೆಡೆ ಆಗಲಿಲ್ಲ. ಹೀಗೆ 1901ರಲ್ಲಿ ಅವರು ಮೂರು ರಕ್ತದ ಗುಂಪುಗಳನ್ನು ಪ್ರಕಟಿಸಿದರು. ಅವೇ ಇಂದಿನ ಎ, ಬಿ ಮತ್ತು ಓ. ನಾಲ್ಕನೆಯ ಎಬಿ ಗುಂಪನ್ನು 1902ರಲ್ಲಿ ಅವರ ಜೊತೆಗಾರರು ಕಂಡುಕೊಂಡರು.

ಮೊದಲ ಮಹಾಯುದ್ಧದ ತರುವಾಯ ಬಡತನದಲ್ಲಿ ನರಳಿದ ವಿಯೆನ್ನಾವನ್ನು ಬಿಟ್ಟು, ಹಾಲೆಂಡಿನ ಹೇಗ್ ನಗರದ ಚಿಕ್ಕದೊಂದು ಕಥೋಲಿಕ ಆಸ್ಪತ್ರೆಯಲ್ಲಿ ಅವರು ದುಡಿದರು. ಅನಂತರ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆ ಸೇರಿದರು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1940ರಲ್ಲಿ ಅಲೆಕ್ಸಾಂಡರ್ ವೀನರ್ ಅವರೊಡನೆ ಆರ್‌ಎಚ್ ಅಂಶವನ್ನು ಪ್ರಕಟಿಸಿದರು. ಪ್ರಶಸ್ತಿ ಬಂದಿತೆಂದು ದುಡಿಮೆ ನಿಲ್ಲಲಿಲ್ಲ. 1943ರ ಜೂನ್‌ನಲ್ಲಿ ಪ್ರಯೋಗಾಲಯದಲ್ಲೇ ಹೃದಯಾಘಾತವಾಗಿ, ಎರಡು ದಿನಗಳ ಬಳಿಕ, 26ರಂದು, ದೈವಾಧೀನರಾದರು. 2004ರಿಂದ ಅವರ ಜನ್ಮದಿನವನ್ನು ವಿಶ್ವ ರಕ್ತದಾನಿಗಳ ದಿನವಾಗಿ ಆಚರಿಸಲಾಗುತ್ತಿದೆ.

ಅವರ ಬಾಳು ನಮಗೆ ಕಲಿಸುವುದೇನು? ಒಡಹುಟ್ಟಿದವರ ರಕ್ತವೂ ಹೊಂದದಿರಬಹುದು. ಎಂದೂ ಮುಖ ಕಾಣದವರ ರಕ್ತ ಹೊಂದಬಹುದು. ಜಾತಿ, ಕುಲ, ಭಾಷೆಗಳಿಗೆ ಇಲ್ಲಿ ಲೆಕ್ಕವಿಲ್ಲ. ಎಲ್ಲರಿಗಾಗಿ ರಕ್ತ ಸುರಿಸಿದ ಯೇಸುಸ್ವಾಮಿಯನ್ನು ಆರಾಧಿಸುವ ನಾವು ಇದನ್ನು ಮರೆಯಬಾರದು. ಇನ್ನೊಂದು ಮಾತು: ಪ್ರೀತಿಯಿಂದ ಕೊಟ್ಟ ರಕ್ತವೂ ತಪ್ಪು ರೋಗಿಗೆ ಸೇರಿದರೆ ಕೊಲ್ಲಬಲ್ಲದು. ಧರ್ಮಸಭೆಯು ವಿವೇಕವನ್ನು ಮೂಲ ಸದ್ಗುಣಗಳಲ್ಲಿ ಎಣಿಸಿರುವುದು ಸುಮ್ಮನೆ ಅಲ್ಲ. ವಿವೇಕವಿಲ್ಲದ ದಾನ ದಾರಿತಪ್ಪುತ್ತದೆ.

ಇಂದು ಗುಂಪಿನ ಅಜ್ಞಾನಕ್ಕಿಂತ ಹೆಸರು, ಚೀಟಿ ಅದಲುಬದಲಾಗುವುದೇ ದೊಡ್ಡ ಅಪಾಯ. ಆದ್ದರಿಂದ ವೈದ್ಯರೇ, ದಾದಿಯರೇ, ಎಷ್ಟೇ ಅವಸರವಿದ್ದರೂ ಹಾಸಿಗೆಯ ಪಕ್ಕದಲ್ಲೇ ನಿಂತು, ರೋಗಿಯ ಬಾಯಿಂದಲೇ ಹೆಸರು ಹೇಳಿಸಿ, ರಕ್ತದ ಚೀಲದ ಚೀಟಿಯೊಡನೆ ಹೋಲಿಸಿ ನೋಡಿರಿ. ಮೊದಲ 15 ನಿಮಿಷ ಎಚ್ಚರದಿಂದ ಗಮನಿಸಿರಿ. ಮನೆಯವರೇ, ರೋಗಿಗೆ ಪ್ರಜ್ಞೆ ಇಲ್ಲದಿದ್ದರೆ ನೀವೇ ಅವರ ನಾಲಿಗೆಯಾಗಿರಿ. ಚಳಿ, ಜ್ವರ, ಬೆನ್ನುನೋವು, ಉಸಿರಾಟದ ತೊಂದರೆ ಕಂಡರೆ ಕೂಡಲೇ ದಾದಿಯರನ್ನು ಕರೆಯಿರಿ. ರಕ್ತ ಹರಿಯುವುದನ್ನು ನಿಲ್ಲಿಸುವುದೇ ಆಗ ಅವರ ಮೊದಲ ಕೆಲಸ.

ಹೆಸರನ್ನು ಇನ್ನೊಮ್ಮೆ ಕೇಳಿದಾಗ ಬೇಸರಪಡದೆ ಹೇಳಿರಿ. ಅದೂ ಒಂದು ಪ್ರೀತಿಯ ಸೇವೆಯೇ. ರಕ್ತ ಕೊಡುವವರನ್ನೂ ಪಡೆಯುವವರನ್ನೂ ಜೋಪಾನ ಮಾಡುವವರನ್ನೂ ದೇವರು ಆಶೀರ್ವದಿಸಲಿ.