ಕೀರ್ತಿ ಬಂದ ಮೇಲೂ ವಿದ್ಯಾರ್ಥಿ: ಚಿತ್ರಕಾರ ಕೆ. ಕೆ. ಹೆಬ್ಬಾರರು

ಚಿತ್ರ ಬಿಡಿಸುವುದರಿಂದ ಹೊಟ್ಟೆ ತುಂಬುವುದೇ ಎಂದು ಕೇಳದ ತಂದೆತಾಯಿಗಳು ನಮ್ಮ ಕರಾವಳಿಯಲ್ಲಿ ವಿರಳ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಬಹುಕಾಲ ಕುಳಿತಿದ್ದ ನಾವೂ ಆ ಪ್ರಶ್ನೆಯನ್ನು ಕೇಳಿದವರೇ. ನಮ್ಮಲ್ಲಿ ಕೆಲಸಕ್ಕಿದ್ದ ತರುಣನೊಬ್ಬನು ಬಿಲ್ಲಿನ ಹಾಳೆಗಳ ಹಿಂಬದಿಯಲ್ಲಿ ಗಿರಾಕಿಗಳ ಮುಖಗಳನ್ನು ಬರೆಯುತ್ತಿದ್ದನು. ಕಾಗದ ಹಾಳುಮಾಡುತ್ತಾನೆಂದು ಗದರಿಸಿ ನಾವು ಅವುಗಳನ್ನು ಹರಿದೆಸೆದೆವು. ಕೆಲವು ತಿಂಗಳುಗಳಲ್ಲಿ ಆತನು ಕೆಲಸ ಬಿಟ್ಟು ಹೋದನು. ಎಲ್ಲಿಗೆ ಹೋದನೆಂದು ನಾವು ವಿಚಾರಿಸಲಿಲ್ಲ. ಇಂದು ಕಲಾವಿದ ಹೆಬ್ಬಾರರ ಜೀವನವನ್ನು ವಾಚಕರ ಮುಂದಿಡುವಾಗ ಆ ತರುಣನ ನೆನಪು ನಮ್ಮನ್ನು ಬಾಧಿಸುತ್ತಿದೆ.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು 1911ರಲ್ಲಿ, ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ, ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದರು. ತಂದೆಯವರು ಮಣ್ಣಿನ ಗಣಪತಿಯನ್ನು ಮಾಡಬಲ್ಲವರಾಗಿದ್ದರು. ಯಕ್ಷಗಾನದ ವೇಷ, ಭೂತದ ಕೋಲದ ಬಣ್ಣ, ಗದ್ದೆ ತೋಟಗಳ ಹಸುರು, ಇವು ಬಾಲಕನ ಕಣ್ಣಿಗೆ ದೊರೆತ ಮೊದಲ ಪಾಠಗಳು. ಚಿತ್ರಕಲೆಯನ್ನು ಕ್ರಮವಾಗಿ ಕಲಿಯುವ ಆಸೆಯಿಂದ ಅವರು ಮೊದಲು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯನ್ನು ಸೇರಿದರು. ಬಳಿಕ, ನಮ್ಮ ಕಡೆಯ ಸಾವಿರಾರು ತರುಣರಂತೆ, ಮುಂಬಯಿಯ ದಾರಿ ಹಿಡಿದರು.

ಮುಂಬಯಿಯಲ್ಲಿ ಅವರಿಗೆ ಆಶ್ರಯವಾದುದು ಸರ್ ಜೆ. ಜೆ. ಕಲಾಶಾಲೆ. 1857ರಲ್ಲಿ ಸ್ಥಾಪಿತವಾದ ಈ ಶಾಲೆಯಲ್ಲಿ ಅಂದು ಐರೋಪ್ಯ ಕ್ರಮದ ಶಿಕ್ಷಣವೇ ಪ್ರಧಾನವಾಗಿತ್ತು. ಕಂಡ ವಸ್ತುವನ್ನು ಕಂಡಂತೆ ತಿದ್ದುವುದು, ಅಂಗಗಳ ಅಳತೆ, ನೆರಳು ಬೆಳಕಿನ ಲೆಕ್ಕ, ಇವುಗಳಲ್ಲಿ ಹೆಬ್ಬಾರರು ಚೆನ್ನಾಗಿ ಪಳಗಿ 1938ರಲ್ಲಿ ಡಿಪ್ಲೊಮಾ ಪಡೆದರು. 1940ರಿಂದ 1945ರವರೆಗೆ ಅದೇ ಶಾಲೆಯಲ್ಲಿ ಅಧ್ಯಾಪಕರೂ ಆದರು. ಸಂಬಳದ ಕೆಲಸ, ಪಟ್ಟಣದಲ್ಲಿ ಮರ್ಯಾದೆ. ಊರಿಗೆ ಕಾಗದ ಬರೆಯಲು ಇದಕ್ಕಿಂತ ಸಂತೋಷದ ಸುದ್ದಿ ಬೇಕೇ?

ಆದರೆ ಹೆಬ್ಬಾರರ ಮನಸ್ಸು ಅಷ್ಟಕ್ಕೆ ತೃಪ್ತವಾಗಲಿಲ್ಲ. ಕೈಗೆ ಬಂದ ಕೌಶಲವು ಪರದೇಶದ್ದು, ಕಣ್ಣಿನಲ್ಲಿ ತುಂಬಿದ ಬದುಕು ಸ್ವದೇಶದ್ದು. ಇವೆರಡನ್ನೂ ಕೂಡಿಸುವುದು ಹೇಗೆ ಎಂಬುದೇ ಅವರ ಚಿಂತೆಯಾಯಿತು. ಅವರು ಅಜಂತೆಯ ಭಿತ್ತಿಚಿತ್ರಗಳನ್ನು, ಜೈನ ಹಸ್ತಪ್ರತಿಗಳ ಚಿತ್ರಗಳನ್ನು, ರಾಜಪೂತ ಮತ್ತು ಮೊಗಲ ಶೈಲಿಗಳನ್ನು ಅಭ್ಯಸಿಸಿದರು. ಅಮೃತಾ ಶೇರ್‌ಗಿಲ್ ಅವರ ಕೃತಿಗಳಿಂದ ಪ್ರೇರಣೆ ಪಡೆದರು. ಕೇರಳದಲ್ಲಿ ಸಂಚರಿಸಿ ಅಲ್ಲಿನ ನಿಸರ್ಗವನ್ನೂ ಜನರನ್ನೂ ಚಿತ್ರಿಸಿದರು. 1947ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕವು ಅವರದಾಯಿತು.

ಇಲ್ಲಿಗೆ ನಿಂತಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಆದರೆ ಪದಕ ಪಡೆದು ಎರಡು ವರ್ಷಗಳಾಗುವಷ್ಟರಲ್ಲಿ, 1949ರಲ್ಲಿ, ಸುಮಾರು ಮೂವತ್ತೆಂಟರ ಪ್ರಾಯದಲ್ಲಿ, ಅವರು ಪ್ಯಾರಿಸಿಗೆ ತೆರಳಿ ಅಕಾಡೆಮಿ ಜೂಲಿಯಾನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಇತರರಿಗೆ ಪಾಠ ಹೇಳಿದ್ದವರು ತಾವೇ ಪಾಠಕ್ಕೆ ಕುಳಿತ ಈ ವಿನಯವನ್ನು ನಮ್ಮ ತರುಣರು ಗಮನಿಸಬೇಕು.

ಇದಕ್ಕಿಂತಲೂ ವಿಸ್ಮಯಕರವಾದುದು ಅವರ ನೃತ್ಯಾಭ್ಯಾಸ. ಚಿತ್ರದಲ್ಲಿ ಲಯವು ಮೂಡಬೇಕಾದರೆ ಅದನ್ನು ಮೊದಲು ಮೈಯಲ್ಲಿ ಅರಿಯಬೇಕೆಂದು ಬಗೆದು, ಹೆಬ್ಬಾರರು ಪಂಡಿತ ಸುಂದರಪ್ರಸಾದರಲ್ಲಿ ಎರಡು ವರ್ಷ ಕಥಕ್ ಕಲಿತರು. ಆ ಶ್ರಮದ ಫಲವನ್ನು ಅವರ ರೇಖಾಚಿತ್ರಗಳಲ್ಲಿ ಕಾಣಬಹುದು. ಕೆಲವೇ ಗೆರೆಗಳು, ಆದರೆ ನರ್ತಕಿಯ ಹೆಜ್ಜೆ, ವಾದಕನ ಬೆರಳು, ದುಡಿಯುವವನ ಬಾಗಿದ ಬೆನ್ನು ಎಲ್ಲವೂ ಅಲ್ಲಿವೆ. ದೋಸೆ ಎರೆಯುವವನ ಸೌಟು ಕಾವಲಿಯ ಮೇಲೆ ಒಂದೇ ಓಟದಲ್ಲಿ ಸುತ್ತಬೇಕು, ನಡುವೆ ತಡೆದರೆ ಹಿಟ್ಟು ಗಂಟಾಗುವುದೆಂಬುದನ್ನು ನಮ್ಮ ವಾಚಕರು ಬಲ್ಲರು. ಹೆಬ್ಬಾರರ ರೇಖೆಯ ಓಟವೂ ಅಂತಹುದೇ. 1964ರಲ್ಲಿ ಪುಸ್ತಕರೂಪವಾಗಿ ಬಂದ ಅವರ ರೇಖಾಚಿತ್ರಗಳಿಗೆ, ಹಾಡುವ ರೇಖೆ ಎಂಬ ಅರ್ಥದ ಇಂಗ್ಲಿಷ್ ಹೆಸರಿರುವುದು ಸಾರ್ಥಕವಾಗಿದೆ.

ಕಲೆಯು ಬದುಕಿನಿಂದ ದೂರ ನಿಲ್ಲಬಾರದೆಂಬುದು ಹೆಬ್ಬಾರರ ಕೃತಿಗಳಿಂದ ವ್ಯಕ್ತವಾಗುವ ನಿಲುವು. ಜಾತ್ರೆ, ಕೋಳಿ ಅಂಕ, ದನದ ಸಂತೆಗಳನ್ನು ಚಿತ್ರಿಸಿದ ಕೈಯೇ 1952ರ ಸುಮಾರಿಗೆ ಹಸಿವಿನಿಂದ ಬಳಲುವ ಜೀವಗಳನ್ನೂ ಚಿತ್ರಿಸಿತು. ಮುಂದೆ ಬಾಂಗ್ಲಾದೇಶದ ಉದಯವೂ ಅವರ ಚಿತ್ರದ ವಸ್ತುವಾಯಿತು. ಅವರಿಗೆ ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ, 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಸಂದವು. 1996ರ ಮಾರ್ಚಿಯಲ್ಲಿ ಅವರು ಮುಂಬಯಿಯಲ್ಲಿಯೇ ನಿಧನರಾದರು. ಮಗಳು ರೇಖಾ ರಾವ್ ಅವರೂ ಚಿತ್ರಕಾರ್ತಿಯಾಗಿ ಹೆಸರಾದವರು.

ಹೆಬ್ಬಾರರ ದಾರಿ ಹಿಡಿದವರೆಲ್ಲರೂ ಹೆಬ್ಬಾರರಾಗುವರೆಂದು ನಾವು ಹೇಳಲಾರೆವು. ಚಿತ್ರವನ್ನು ನಂಬಿ ಕೆಲಸ ಬಿಡಿರೆಂಬ ಉಪದೇಶವನ್ನೂ ಮಾಡಲಾರೆವು. ಅವರೂ ಕೆಲವು ವರ್ಷ ಸಂಬಳಕ್ಕೆ ದುಡಿದವರೇ. ಆದರೆ ಕಲಿಯುವುದಕ್ಕೆ ವಯಸ್ಸು ಮೀರಿತು, ಸರ್ಟಿಫಿಕೇಟು ಬಂತು, ಇನ್ನು ಸಾಕು ಎಂಬ ಮಾತಿಗೆ ಅವರ ಜೀವನದಲ್ಲಿ ಸ್ಥಳವಿಲ್ಲ. ಕೈಯಲ್ಲಿ ಗೆರೆಯಿರುವ ತರುಣರು ವಾರದ ರಜೆಯಂದು ಕಾಲಾಘೋಡಾದ ಜಹಾಂಗೀರ್ ಕಲಾಗ್ಯಾಲರಿಗೆ ಹೋಗಲಿ; ಅಲ್ಲಿ ಪ್ರವೇಶಕ್ಕೆ ಹಣವಿಲ್ಲ. ಮಹಾರಾಷ್ಟ್ರ ಸರಕಾರವು ನಡೆಸುವ ಚಿತ್ರಕಲಾ ಪರೀಕ್ಷೆಗಳ ವಿಚಾರವನ್ನೂ ತಿಳಿದುಕೊಳ್ಳಲಿ.

ಹೋಟೆಲು ಮಾಲಿಕರಾದ ನಮ್ಮ ಬಂಧುಗಳಲ್ಲಿಯೂ ಒಂದು ಬಿನ್ನಹ. ವಾರದ ರಜೆಯನ್ನು ತಪ್ಪದೆ ಕೊಡಿರಿ. ಬಿಲ್ಲಿನ ಹಾಳೆಯ ಹಿಂದೆ ಯಾರದಾದರೂ ಮುಖ ಕಂಡರೆ, ಹರಿಯುವ ಮೊದಲು ಒಮ್ಮೆ ಅದನ್ನು ನೋಡಿರಿ. ನಾವು ನೋಡಲಿಲ್ಲ.