ಪಗಡೆ ಹಾಸಿಗೆ ಹೊಸ ತೋಳು ಕೂಡಿಸಿದ ಅರಸ: ಮುಮ್ಮಡಿ ಕೃಷ್ಣರಾಜ ಒಡೆಯರ್

ನಮ್ಮ ಮಾಕಳಿಯಿಂದ ಪೀಣ್ಯದ ಕಡೆಗೆ ಹೋಗುವ ಬಸ್ಸಿನಲ್ಲಿ ಫೋನ್ ಹಿಡಿದು ಕುಳಿತವರಲ್ಲಿ ಒಬ್ಬರಾದರೂ ಲೂಡೊ ಆಡುತ್ತಿರುತ್ತಾರೆ. ಲೂಡೊ ಎಂಬ ಹೆಸರಿನಲ್ಲಿ ಈ ಆಟಕ್ಕೆ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಅದರ ಮೂಲ ನಮ್ಮ ಪಗಡೆ ಮತ್ತು ಪಚ್ಚೀಸಿ. ಕಂಪ್ಯೂಟರ್ ಆಟ ತಯಾರಿಸುವವರ ನಡುವೆ ಆಗಾಗ ಒಂದು ಚರ್ಚೆ ಏಳುತ್ತದೆ. ಒಬ್ಬರೇ ಆಡಲೆಂದು ಕಟ್ಟಿ ಬಹುಪಾಲು ಮುಗಿಸಿದ ಆಟಕ್ಕೆ, ಕೊನೆಯ ಹಂತದಲ್ಲಿ ಹಲವರು ಸೇರಿ ಆಡುವ ಸೌಲಭ್ಯವನ್ನು ಸೇರಿಸಬಹುದೇ? ಇದಕ್ಕೆ ಹತ್ತಿರದ ಪ್ರಶ್ನೆಯನ್ನು ನೂರೈವತ್ತು ವರ್ಷಗಳಿಗೂ ಹಿಂದೆ ಪಗಡೆ ಹಾಸಿನ ಮೇಲೆ ಬಿಡಿಸಿದವರು ಮೈಸೂರಿನ ಅರಸರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ್.

ಅವರು ಹುಟ್ಟಿದ್ದು 1794ರ ಜುಲೈ 14ರಂದು. ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಯುದ್ಧದಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದರು. ಎರಡು ತಿಂಗಳೊಳಗೆ, ಜೂನ್ 30ರಂದು, ಐದು ವರ್ಷವೂ ತುಂಬದ ಈ ಬಾಲಕನನ್ನು ಮೈಸೂರಿನಲ್ಲಿ ಸಿಂಹಾಸನದ ಮೇಲೆ ಕೂರಿಸಲಾಯಿತು. ಟಿಪ್ಪುವಿನ ಕಾಲದಲ್ಲಿ ಹಣಕಾಸು ನೋಡಿಕೊಂಡಿದ್ದ ಪೂರ್ಣಯ್ಯನವರೇ ದಿವಾನರಾಗಿ ರಾಜ್ಯ ನಡೆಸಿದರು.

ಅದೇ ವರ್ಷದ ಜುಲೈನಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಒಪ್ಪಂದವಾಯಿತು. ಕಂಪನಿಯ ಸೈನ್ಯಕ್ಕೆ ಕಟ್ಟಬೇಕಾದ ಹಣಕ್ಕೆ ಕುತ್ತು ಬರುವಂತೆ ಕಂಡರೆ ರಾಜ್ಯದ ಆಡಳಿತವನ್ನು ಕಂಪನಿಯೇ ವಹಿಸಿಕೊಳ್ಳಬಹುದು ಎಂಬ ಷರತ್ತು ಅದರಲ್ಲಿತ್ತು. ಆಗ ಅರಸನಿಗೆ ಅದನ್ನು ಓದಿ ತಿಳಿಯುವ ವಯಸ್ಸೂ ಇರಲಿಲ್ಲ. ಬೆಳೆದು ದೊಡ್ಡವರಾಗಿ ಅಧಿಕಾರವನ್ನು ಕೈಗೆ ತೆಗೆದುಕೊಂಡು ಸುಮಾರು ಇಪ್ಪತ್ತು ವರ್ಷ ಆಳಿದರು. ನಗರ ಪ್ರಾಂತ್ಯದ ರೈತರ ಬಂಡಾಯದ ನಂತರ, 1831ರಲ್ಲಿ, ಕಂಪನಿ ಅದೇ ಷರತ್ತನ್ನು ಹಿಡಿದು ಆಡಳಿತವನ್ನು ಕಸಿದುಕೊಂಡಿತು. ಮೂವತ್ತೇಳನೆಯ ವಯಸ್ಸಿಗೆ ಅವರು ಸಿಂಹಾಸನವಿದ್ದೂ ಅಧಿಕಾರವಿಲ್ಲದ ಅರಸರಾದರು. ರಾಜ್ಯ ಕಮಿಷನರ್‌ಗಳ ಕೈಗೆ ಹೋಯಿತು. ಬೆಂಗಳೂರಿನ ಕಬ್ಬನ್ ಪಾರ್ಕ್ ಮತ್ತು ಬೌರಿಂಗ್ ಆಸ್ಪತ್ರೆಗೆ ಅಂಥ ಇಬ್ಬರು ಕಮಿಷನರ್‌ಗಳ ಹೆಸರೇ ಇದೆ.

ರಾಜ್ಯವನ್ನು ಹಿಂದಿರುಗಿಸುವಂತೆ ಅವರು ಕೊನೆಯವರೆಗೂ ಮನವಿ ಸಲ್ಲಿಸುತ್ತಲೇ ಇದ್ದರು. ಉಳಿದ ಸಮಯವನ್ನು ಮಾತ್ರ ವ್ಯರ್ಥ ಮಾಡಲಿಲ್ಲ. 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆದರು. ಮುಂದೆ ಮಹಾರಾಜ ಕಾಲೇಜು ಬೆಳೆದದ್ದು ಅದರಿಂದಲೇ. ಕವಿಗಳಿಗೆ, ಸಂಗೀತಗಾರರಿಗೆ, ಚಿತ್ರಗಾರರಿಗೆ ಆಶ್ರಯ ಕೊಟ್ಟರು. ಒಂಬತ್ತು ನಿಧಿಗಳ ಶ್ರೀತತ್ತ್ವನಿಧಿ ಎಂಬ ಸಚಿತ್ರ ಗ್ರಂಥವನ್ನು ಸಿದ್ಧಪಡಿಸಿದರು. ಅದರ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೆ ಜಾಗ ಸಿಕ್ಕಿತು.

ಆಟ ಅವರಿಗೆ ಬರೀ ಹೊತ್ತು ಕಳೆಯುವ ದಾರಿಯಾಗಿರಲಿಲ್ಲ. ಚದುರಂಗದ ಕುದುರೆ 64 ಮನೆಗಳಲ್ಲೂ ಒಂದೊಂದು ಸಲ ಮಾತ್ರ ಕಾಲಿಡುವಂತೆ ನಡೆಸುವ ಲೆಕ್ಕದಲ್ಲಿ ಅವರಿಗೆ ಅಪಾರ ಆಸಕ್ತಿಯಿತ್ತು. ಗಂಜೀಫ ಎಲೆಗಳನ್ನು ಬಾಬರ್ 1527ರಲ್ಲಿ ತನ್ನ ಗೆಳೆಯನಿಗೆ ಕಳುಹಿಸಿಕೊಟ್ಟ ಸಂಗತಿ ಅವನ ಆತ್ಮಕಥೆಯಲ್ಲಿದೆ. ಮೊಘಲ್ ಗಂಜೀಫದಲ್ಲಿ ಸಾಮಾನ್ಯವಾಗಿ 96 ಎಲೆಗಳು. ಮೈಸೂರಿನ ಈ ಅರಸರು ಅದನ್ನೇ ಹಿಗ್ಗಿಸಿ 360 ಎಲೆಗಳವರೆಗಿನ ಕಟ್ಟುಗಳನ್ನು ರೂಪಿಸಿದರು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಪಗಡೆ. ನಾಲ್ಕು ತೋಳು, ನಾಲ್ವರು ಆಟಗಾರರು: ಶತಮಾನಗಳಿಂದ ಆ ಆಟ ಹೀಗೆಯೇ ಪೂರ್ಣವಾಗಿತ್ತು. ಫತೇಪುರ್ ಸಿಕ್ರಿಯ ಅಂಗಳದಲ್ಲಿ ಇರುವುದೂ ನಾಲ್ಕು ತೋಳಿನ ಹಾಸೇ. ಮುಮ್ಮಡಿಯವರು ಆರು, ಎಂಟು ಮತ್ತು ಅದಕ್ಕೂ ಹೆಚ್ಚು ತೋಳುಗಳ ಹಾಸುಗಳನ್ನು ರಚಿಸಿದರು. ಮುಗಿದ ಆಟಕ್ಕೆ ಹೊಸ ಆಟಗಾರರನ್ನು ಕೂರಿಸುವ ಕೆಲಸವದು.

ಅದು ಎಷ್ಟು ಕಷ್ಟವೆಂದು ಕಾಗದದ ಮೇಲೆ ಲೆಕ್ಕ ಹಾಕಿದರೆ ತಿಳಿಯುತ್ತದೆ. ಸಾಮಾನ್ಯ ಹಾಸಿನಲ್ಲಿ ಪ್ರತಿ ತೋಳಿಗೂ 8 ಮನೆಗಳ 3 ಸಾಲು. ಕಾಯಿ ಒಂದು ತೋಳಿನ ಅಂಚನ್ನು ಸುತ್ತಲು 17 ಮನೆ ನಡೆಯಬೇಕು. ನಾಲ್ಕು ತೋಳಿಗೆ ಹೊರಸುತ್ತು 68 ಮನೆ, ಎಂಟು ತೋಳಿಗೆ 136. ದಾರಿ ಎರಡರಷ್ಟಾದಾಗ ಪ್ರತಿಯೊಬ್ಬರೂ ಹೆಚ್ಚುಕಡಿಮೆ ಎರಡರಷ್ಟು ಸಲ ದಾಳ ಹಾಕಬೇಕು. ಹಾಕುವವರೂ ಎರಡರಷ್ಟು. ಅಂದರೆ ಆಟ ಸುಮಾರು ನಾಲ್ಕರಷ್ಟು ಉದ್ದವಾಗುತ್ತದೆ. ತಮ್ಮ ಸರದಿ ಬರಲು ಮೂವರಿಗೆ ಬದಲು ಏಳು ಮಂದಿಗೆ ಕಾಯಬೇಕು. ಹಾಸಿನ ಮೇಲೆ 16 ಕಾಯಿಗಳ ಜಾಗದಲ್ಲಿ 32 ಕಾಯಿಗಳು, ಹೊಡೆಯಲು ಬರುವ ಎದುರಾಳಿಗಳೂ ಹೆಚ್ಚು. ಕಾಯಿ ಹಣ್ಣಾಗುವುದು ಸುಲಭವಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ನಡುಮನೆಯದು. ನಾಲ್ಕು ಬದಿಯ ಚೌಕಕ್ಕೆ ಐದನೆಯ ತೋಳನ್ನು ಎಲ್ಲಿ ಜೋಡಿಸುವುದು? ಜಾಗವೇ ಇಲ್ಲ. ಎಂಟು ತೋಳು ಬೇಕಾದರೆ ನಡುಮನೆಯನ್ನೇ ಎಂಟು ಬದಿಯಾಗಿ, ಹಿಗ್ಗಿಸಿ, ಮೊದಲಿನಿಂದ ಬರೆಯಬೇಕು. ತೋಳು ಕಣ್ಣಿಗೆ ಕಾಣುವುದು ಹೊರಗೆ, ಕೆಲಸವಿರುವುದು ಒಳಗೆ.

ಕಂಪ್ಯೂಟರ್ ಆಟದಲ್ಲೂ ಹಾಗೆಯೇ. ಯಾರ ಸರದಿ, ಯಾರ ಕಾಯಿ ಎಲ್ಲಿದೆ, ಇಬ್ಬರ ಪರದೆಯಲ್ಲೂ ಒಂದೇ ಸ್ಥಿತಿ ಕಾಣುತ್ತಿದೆಯೇ, ನಡುವೆ ನೆಟ್‌ವರ್ಕ್ ಹೋದರೆ ಏನು ಎಂಬುದೆಲ್ಲ ಪ್ರೋಗ್ರಾಮಿನ ನಡುಮನೆಯಲ್ಲಿ ತೀರ್ಮಾನವಾಗಬೇಕು. 1991ರಲ್ಲಿ ಬಂದ ಸಿವಿಲೈಸೇಶನ್ ಒಬ್ಬರೇ ಆಡುವ ಆಟವಾಗಿತ್ತು. ಹಲವರು ಆಡುವ ಆವೃತ್ತಿ 1995ರಲ್ಲಿ ಸಿವ್‌ನೆಟ್ ಎಂಬ ಬೇರೆ ಆಟವಾಗಿಯೇ ಬಂತು. 1997ರ ಗೋಲ್ಡನ್‌ಐ ಆಟಕ್ಕೆ ಮಾತ್ರ ಕೊನೆಯ ತಿಂಗಳುಗಳಲ್ಲಿ ಈ ಸೌಲಭ್ಯ ಸೇರಿಸಿದರು, ಅದು ಗೆದ್ದಿತು. ಆದರೆ ಆ ಆಟ ನಡೆಯುತ್ತಿದ್ದ ನಿಂಟೆಂಡೊ 64 ಯಂತ್ರದಲ್ಲಿ ನಾಲ್ಕು ಕಂಟ್ರೋಲರ್ ಜೋಡಿಸುವ ಜಾಗ ಮೊದಲೇ ಇತ್ತು. ನಾಲ್ವರೂ ಒಂದೇ ಟಿ.ವಿ. ಮುಂದೆ ಕೂತು ಆಡುತ್ತಿದ್ದುದರಿಂದ ನೆಟ್‌ವರ್ಕಿನ ತೊಂದರೆ ಇರಲಿಲ್ಲ. ಆದ್ದರಿಂದ ಕೊನೆಯಲ್ಲಿ ಸೇರಿಸಬಹುದೇ ಎಂದು ವಾದಿಸುವ ಮೊದಲು ನಡುಮನೆಗೆ ಎಷ್ಟು ಬದಿಗಳಿವೆ ಎಂದು ನೋಡಬೇಕು. ಬದಿ ಇದ್ದರೆ ಸೇರಿಸಬಹುದು. ಇಲ್ಲದಿದ್ದರೆ, ಮುಮ್ಮಡಿಯವರಂತೆ ಹೊಸ ಹಾಸು ಬರೆಯುವ ತಾಳ್ಮೆ ಮತ್ತು ಸಮಯ ಬೇಕು. ವರ್ಷದ ಕೊನೆಯಲ್ಲಿ ಪ್ರಾಜೆಕ್ಟ್ ಒಪ್ಪಿಸಬೇಕಾದ ನಮ್ಮ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮೊದಲ ವಾರದಲ್ಲೇ ಮಾಡಿಕೊಳ್ಳುವುದು ಒಳ್ಳೆಯದು.

ಮುಮ್ಮಡಿಯವರ ಬಾಳಿನಲ್ಲೂ ಇದೇ ಪಾಠವಿದೆ. 1831ರಲ್ಲಿ ಕಂಪನಿ ಹೊಸದಾಗಿ ಬಂದು ಕೂತಿದ್ದಲ್ಲ. ಅದಕ್ಕೆ ಜಾಗವನ್ನು 1799ರ ಒಪ್ಪಂದದಲ್ಲೇ ಬರೆದಿಡಲಾಗಿತ್ತು. ಅರಸರು ಬಿಡದೆ ಹೋರಾಡಿದರು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಪಡೆದರು. ಎರಡು ವರ್ಷಗಳ ನಂತರ ಬ್ರಿಟಿಷ್ ಸರ್ಕಾರ ಆ ಉತ್ತರಾಧಿಕಾರವನ್ನು ಒಪ್ಪಿತು. 1868ರ ಮಾರ್ಚ್ 27ರಂದು, ತಮ್ಮ 73ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ರಾಜ್ಯ ಮರಳಿ ಒಡೆಯರ ಕೈಗೆ ಬಂದದ್ದು 1881ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಅವರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಹಾಸುಗಳನ್ನು ಚಿತ್ರಿಸಲಾಗಿದೆ. ಮೈಸೂರು ಪ್ರವಾಸಕ್ಕೆ ಹೋದಾಗ ಅಲ್ಲಿ ನಿಂತು ಮೊದಲು ತೋಳುಗಳನ್ನು ಎಣಿಸಿ, ಆಮೇಲೆ ನಡುಮನೆಯನ್ನು ನೋಡಿ.