ಬೆಳ್ಳಿಯ ನವಿಲನ್ನು ಗೆದ್ದ ಕನ್ನಡ ನಟ ಶಂಕರನಾಗ್

ನುಡಿಯ ಎಲ್ಲೆಯೂ ನಾಡಿನ ಎಲ್ಲೆಯೂ ಸದಾ ಒಂದೇ ಆಗಿರುವುದಿಲ್ಲ. 1953ನೆಯ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ನಮ್ಮ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದುವು. ಮರುವರ್ಷ, 1954ನೆಯ ನವೆಂಬರ್ 9ರಂದು, ಆಗ ಮುಂಬಯಿ ರಾಜ್ಯಕ್ಕೆ ಸೇರಿದ್ದ ಹೊನ್ನಾವರ ಸೀಮೆಯಲ್ಲಿ ಶಂಕರನಾಗ್ ಅವರ ಜನನವಾಯಿತು. 1956ರಲ್ಲಿ ಆ ಸೀಮೆಯು ಮೈಸೂರು ರಾಜ್ಯದಲ್ಲಿ ಒಂದಾಯಿತು. ನಮ್ಮದು ಇದ್ದಲ್ಲಿಯೇ ಉಳಿಯಿತು.

ಶಂಕರನಾಗ್ ಅವರ ಮನೆಮಾತು ಕೊಂಕಣಿ. ತಾರುಣ್ಯದಲ್ಲಿ ಮುಂಬಯಿಯನ್ನು ಸೇರಿದ ಅವರಿಗೆ ನಾಟ್ಯಕಲೆಯ ಪಾಠವಾದುದು ಮರಾಠಿ ರಂಗಭೂಮಿಯಲ್ಲಿ. ಅವರ ಅಣ್ಣ ಅನಂತನಾಗ್ ಅವರೂ ಅದೇ ಹಾದಿಯಲ್ಲಿ ನಡೆದವರು. ಹೀಗಿರುವಾಗ ಗಿರೀಶ ಕಾರ್ನಾಡರು ತಮ್ಮ 'ಒಂದಾನೊಂದು ಕಾಲದಲ್ಲಿ' ಎಂಬ ಚಿತ್ರಕ್ಕೆ ಈ ತರುಣನನ್ನು ಆರಿಸಿದರು. ಜಪಾನಿನ ಕುರೊಸಾವಾ ಅವರ ವೀರಕಥಾಚಿತ್ರಗಳಿಂದ ಸ್ಫೂರ್ತಿ ಪಡೆದ ಆ ಕೃತಿಯಲ್ಲಿ ಶಂಕರನಾಗ್ ಅವರದು ಕೂಲಿಗೆ ಕತ್ತಿ ಹಿಡಿಯುವ ಗಂಡುಗಲಿಯ ಪಾತ್ರ. ಎದುರಾಳಿ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸರು ನಟಿಸಿದರು.

ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವವು 1952ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ, 1965ರಿಂದ ಸ್ಪರ್ಧೆಯ ರೂಪವನ್ನು ತಳೆದಿತ್ತು. ರಾಷ್ಟ್ರಪಕ್ಷಿಯಾದ ನವಿಲೇ ಅದರ ಪ್ರಶಸ್ತಿಯ ಲಾಂಛನ: ಶ್ರೇಷ್ಠ ಚಿತ್ರಕ್ಕೆ ಚಿನ್ನದ ನವಿಲು, ಉತ್ತಮ ನಟನಿಗೆ ಬೆಳ್ಳಿಯ ನವಿಲು. 1979ರಲ್ಲಿ ದೆಹಲಿಯಲ್ಲಿ ನಡೆದ ಉತ್ಸವದಲ್ಲಿ ದೇಶವಿದೇಶಗಳ ಚಿತ್ರಗಳ ನಡುವೆ ಆ ಬೆಳ್ಳಿಯ ನವಿಲು ಶಂಕರನಾಗ್ ಅವರಿಗೆ ದೊರೆಯಿತು. ಆಗ ಅವರಿಗೆ 24 ವರ್ಷ. ಅದು ಅವರ ಮೊದಲ ಕನ್ನಡ ಚಿತ್ರ.

ಅಂತಹ ಮನ್ನಣೆಯ ಬಳಿಕ ಅವರು ಕನ್ನಡವನ್ನೇ ಕರ್ಮಭೂಮಿಯಾಗಿ ಮಾಡಿಕೊಂಡರು. 1980ರ 'ಆಟೋರಾಜ' ಅವರನ್ನು ಬೀದಿಬೀದಿಯ ಜನರ ಆಪ್ತನನ್ನಾಗಿಸಿತು. ನಿರ್ದೇಶಕರಾಗಿ ಅದೇ ವರ್ಷ 'ಮಿಂಚಿನ ಓಟ'ವನ್ನೂ 1985ರಲ್ಲಿ ರಾಷ್ಟ್ರಪ್ರಶಸ್ತಿ ಪಡೆದ 'ಆಕ್ಸಿಡೆಂಟ್' ಚಿತ್ರವನ್ನೂ ನೀಡಿದರು. ಆರ್. ಕೆ. ನಾರಾಯಣರ ಕಥೆಗಳನ್ನು 'ಮಾಲ್ಗುಡಿ ಡೇಸ್' ಎಂಬ ಹೆಸರಿನಲ್ಲಿ ದೂರದರ್ಶನಕ್ಕೆ ಅಳವಡಿಸಿದಾಗ, ಮಲೆನಾಡಿನ ಆಗುಂಬೆಯೇ ಆ ಕಲ್ಪಿತ ಊರಾಗಿ ದೇಶದ ಮನೆಮನೆಗೆ ಪರಿಚಯವಾಯಿತು. 'ಸಂಕೇತ್' ತಂಡವನ್ನು ಕಟ್ಟಿ ರಂಗಭೂಮಿಯ ಋಣವನ್ನೂ ತೀರಿಸಿದರು.

1990ನೆಯ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಸಂಭವಿಸಿದ ರಸ್ತೆ ಅಪಘಾತದಲ್ಲಿ, 36 ತುಂಬುವ ಮುನ್ನವೇ, ಅವರು ಅಸುನೀಗಿದರು. ಅವರ ಪತ್ನಿ ಅರುಂಧತಿ ನಾಗ್ ಅವರ ಪರಿಶ್ರಮದಿಂದ 2004ರಲ್ಲಿ ಬೆಂಗಳೂರಿನಲ್ಲಿ ತೆರೆದ 'ರಂಗಶಂಕರ' ಅವರ ಹೆಸರನ್ನು ಹೊತ್ತು ನಿಂತಿದೆ. ಆಟೋರಿಕ್ಷಾಗಳ ಮೇಲಿನ ಅವರ ಚಿತ್ರವಾದರೋ ಯಾವ ಸಂಸ್ಥೆಯೂ ಬರೆಸಿದುದಲ್ಲ. ಜನರ ಅಭಿಮಾನವೇ ಬರೆಸಿದುದು.

ನಮ್ಮ ಸೀಮೆಯ ಮಕ್ಕಳು ಬೀದಿಯಲ್ಲಿ ತೆಲುಗನ್ನೂ ಉರ್ದುವನ್ನೂ ಕೇಳುತ್ತ ಬೆಳೆಯುತ್ತಾರೆ. ಇಷ್ಟು ಭಾಷೆಗಳ ನಡುವೆ ಕನ್ನಡವೇಕೆ ಎಂದು ಕೇಳುವ ತಂದೆತಾಯಿಗಳೂ ನಮ್ಮಲ್ಲಿದ್ದಾರೆ. ಕೊಂಕಣಿಯಲ್ಲಿ ಬೆಳೆದು, ಮರಾಠಿಯಲ್ಲಿ ಪಳಗಿ, ಕನ್ನಡದಲ್ಲಿ ಲೋಕಮಾನ್ಯತೆ ಪಡೆದ ಈ ಕಲಾವಿದನ ಬಾಳೇ ಅವರಿಗೆ ಉತ್ತರ. ಹಲವು ನುಡಿಗಳ ಬಲ ಕನ್ನಡಕ್ಕೆ ಭಾರವಲ್ಲ, ಸಂಪತ್ತು. ಇದನ್ನರಿತ ಗಡಿನಾಡಿನ ಮನೆಗಳಲ್ಲಿ ಕನ್ನಡ ಬಾಳುವುದು.